ಕಬ್ಬು ಮೂಸದ ಹೋರಿಗಳು

ಕಬ್ಬಿನ ಕಟ್ಟು ಬಿಚ್ಚಿ ಹಾಸಿ ಬಹಳ ಹೊತ್ತಾದರೂ ಒಂದು ಹೋರಿಯೂ ಅತ್ತ ಮೂಸಿ ನೋಡಲಿಲ್ಲ. ತಮಿಳು ಸೀಮೆಯ ಕಂಬಂ ಊರಿನ ಕನ್ನಡ ಒಕ್ಕಲುಗಳು ದೇವರಿಗೆ ಬಿಟ್ಟ ಮಂದೆಯಷ್ಟೂ ಎದುರಿಗೇ ಇತ್ತು. ಕೆಲವು ಬಾಲ ಬೀಸುತ್ತ ನಿಂತಿದ್ದವು, ಕೆಲವು ಆಗಲೇ ಮಲಗಿ ಮೆಲುಕು ಹಾಕುತ್ತಿದ್ದವು. ಮಂದೆಯ ಅರಸನಾಗಿದ್ದ, ಊರವರು ಪಟ್ಟದ ಆವು ಎನ್ನುತ್ತಿದ್ದ ಹೋರಿ ತೀರಿಕೊಂಡು ಮೂರು ತಿಂಗಳಾಗಿತ್ತು. ಹೊಸ ಅರಸನನ್ನು ಮನುಷ್ಯರು ಆರಿಸುವಂತಿಲ್ಲ. ಯಾವ ಹೋರಿ ತಾನಾಗಿ ಬಂದು ಮೊದಲು ಕಬ್ಬು ಕಡಿಯುತ್ತದೋ ಅದಕ್ಕೇ ಪಟ್ಟ.

ಪಿಚ್ಚೈಯಮ್ಮಾಳ್ ಹೆಂಗಸರ ಸಾಲಿನಲ್ಲಿ ನಿಂತು ಬೆವರುತ್ತಿದ್ದಳು. ನಾಲ್ಕು ವರ್ಷದ ಹಿಂದೆ ಮಗಳು ಮುತ್ತುಲಕ್ಷ್ಮಿ ಜ್ವರದಲ್ಲಿ ಕಣ್ಣು ಮೇಲೆ ಮಾಡಿ ಮಲಗಿದಾಗ, ಆಗಷ್ಟೇ ಹುಟ್ಟಿದ ಕರಿಯ ಕರುವನ್ನು ದೇವರಿಗೆ ಬಿಡುತ್ತೇನೆಂದು ಹರಕೆ ಹೊತ್ತಿದ್ದಳು. ಮಗಳು ಉಳಿದಳು, ಕರು ಮಂದೆ ಸೇರಿತು. ಆದರೂ ಅವಳಿಗೊಂದು ಅಳುಕು. ದೇವರು ಅದನ್ನು ಮನಸಾರೆ ಒಪ್ಪಿದನೋ, ಇಲ್ಲ ಬೇಡವೆನ್ನಲಾರದೆ ಇಟ್ಟುಕೊಂಡನೋ? ಪಟ್ಟ ಅದಕ್ಕೇ ಬಂದರೆ ಈ ಅನುಮಾನ ತೀರುತ್ತಿತ್ತು. ಹಾಗಾಗಿ ಎರಡು ತಿಂಗಳಿಂದ ದಿನವೂ ಸೆರಗಿನಡಿ ಕಬ್ಬಿನ ತುಂಡು ಬಚ್ಚಿಟ್ಟುಕೊಂಡು ಹೋಗಿ ಅದಕ್ಕೆ ರುಚಿ ಹತ್ತಿಸಿದ್ದಳು. ಮಲೆಯಾಚೆ ಪಡುವಣಕ್ಕೆ ಹರಿಯುತ್ತಿದ್ದ ಹೊಳೆಯನ್ನು ಬೆಟ್ಟ ಕೊರೆದು ಈಚೆಗೆ ತಿರುಗಿಸಿ ಎರಡು ವರ್ಷವಾಗಿತ್ತು. ಊರಲ್ಲಿ ಕಬ್ಬಿಗೇನೂ ಬರವಿರಲಿಲ್ಲ.

ಸೀಮೆಯ ವಿಚಿತ್ರಗಳನ್ನು ಬರೆದುಕೊಂಡು ಹೋಗಲು ಮಧುರೆಯಿಂದ ಬಂದ ಗುಮಾಸ್ತ ಕೊಡೆಯಡಿ ಕೂತು, ಒಣಗಿದ ಲೇಖನಿಯನ್ನು ಮೂರನೇ ಸಲ ಮಸಿಗೆ ಅದ್ದಿದ.

"ಎನ್ನ ಗೌಂಡರೇ, ಮಾಟ್ಟುಕ್ಕು ಕರುಂಬು ಪಿಡಿಕ್ಕಾದಾ?" ಎಂದ. ದನಕ್ಕೆ ಕಬ್ಬು ಸೇರುವುದಿಲ್ಲವೇ ಎಂಬ ಆ ಮಾತಿಗೆ ಊರ ಹಿರಿಯ ಗುರುಸಾಮಿಯ ಮೈ ಉರಿಯಿತು. ಹೋಗಿ ಹತ್ತಿರ ಮಲಗಿದ್ದ ಕರಿಯ ಹೋರಿಯ ತುಟಿ ಎತ್ತಿ ನೋಡಿದ. ಹಲ್ಲಿನ ಸಂದಿಯಲ್ಲಿ ಕಬ್ಬಿನ ನಾರು ಸಿಕ್ಕಿಕೊಂಡಿತ್ತು.

"ಇದುಕ್ಕೆ ಕಬ್ಬು ತಿನ್ಸಿ ಹೊಟ್ಟೆ ತುಂಬ್ಸವ್ರೆ. ಯಾರು ಮಾಡ್ದೋರು?"

ಪಿಚ್ಚೈಯಮ್ಮಾಳ್‌ ಬಿಟ್ಟ ಹೋರಿ ಅದು. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ, ಆದರೆ ಎದುರಿಗೆ ಇದ್ದದ್ದು ದೇವರು. ಅವಳು ಸಾಲು ಬಿಟ್ಟು ಮುಂದೆ ಬಂದಳು.

"ನಾನೇ ಅಣ್ಣಾ. ದಿನಾ ತಿನ್ಸಿದೆ, ಇವತ್ತು ಬೆಳಿಗ್ಗೇನೂವೆ. ಸಾಮಿ ಕೆಲ್ಸಕ್ಕೆ ಕೈ ಹಾಕ್ಬಿಟ್ಟೆ. ನನ್ನ ಆವನ್ನ ತಳ್ಳಿ ನಿಲ್ಸಿ, ಪಟ್ಟ ಮಿಕ್ಕದ್ರಾಗೆ ಒಂದ್ಕೆ ಆಗ್ಲಿ."

ಬೈಗುಳಕ್ಕೆ ಕಾದು ತಲೆ ತಗ್ಗಿಸಿದಳು. ಯಾರೂ ಬೈಯಲಿಲ್ಲ. ಹಿಂದಿನಿಂದ ಅವಳ ನಾದಿನಿ ವೀರಮ್ಮಾಳ್ ಕೆಮ್ಮಿದಳು.

"ನಾನೂವೆ ತಿನ್ಸಿದೆ. ದಿನಾ ಅಲ್ಲ, ದಿನ ಬಿಟ್ಟು ದಿನ."

"ನಮ್ಮ ಕೆಂದ ಹೋರಿಗೆ ನಾನು ಬೆಲ್ಲಾನೂ ಕೊಟ್ಟೆ," ಎಂದ ಗಂಡಸರ ಕಡೆಯಿಂದ ಪಾಂಡಿ, ತಲೆ ಕೆರೆಯುತ್ತ.

ಆಮೇಲೆ ತಡೆಯೇ ಇರಲಿಲ್ಲ. ಮಂದೆಗೆ ಕರು ಬಿಟ್ಟ ಮನೆಯವರೆಲ್ಲ ಒಬ್ಬರಾದ ಮೇಲೊಬ್ಬರು ಒಪ್ಪಿಕೊಂಡರು. ಗುರುಸಾಮಿ ಸೊಂಟಕ್ಕೆ ಕೈ ಕೊಟ್ಟು ಎಲ್ಲರನ್ನೂ ದುರುಗುಟ್ಟಿ ನೋಡಿದ.

"ಮಾಮಾ, ನಿಮ್ಮ ಸೊಂಟದಾಗೆ ಅದೇನು?" ಎಂದಳು ಮುತ್ತುಲಕ್ಷ್ಮಿ.

ಮಡಿಸಿ ಸಿಕ್ಕಿಸಿದ ವೇಷ್ಟಿಯಿಂದ ಒಂದು ಗೆಣ್ಣು ಕಬ್ಬು ಇಣುಕುತ್ತಿತ್ತು. ಗುರುಸಾಮಿ ಬಗ್ಗಿ ನೋಡಿಕೊಂಡ. ಮೊದಲು ನಕ್ಕವಳು ಮುತ್ತುಲಕ್ಷ್ಮಿ, ಆಮೇಲೆ ಇಡೀ ಊರು.

ಆ ನಗುವಿನಲ್ಲಿ ಮಂದೆಯ ಹಿಂದಿನಿಂದ ಬಡಕಲು ಬೂದಿ ಬಣ್ಣದ ಹೋರಿಯೊಂದು ಬಂದದ್ದನ್ನು ಯಾರೂ ಕಾಣಲಿಲ್ಲ. ಮಂದೆಯಲ್ಲೇ ಹುಟ್ಟಿ, ತಾಯಿ ಸತ್ತು, ಯಾವ ಮನೆಯದೂ ಅಲ್ಲದೆ ಬೆಳೆದದ್ದು ಅದು. ಕಬ್ಬು ಮುರಿದ ಸದ್ದಿಗೆ ಎಲ್ಲರೂ ತಿರುಗಿದರು. ಹೆಂಗಸರು ನಾಲಿಗೆ ಹೊರಳಿಸಿ ಕುಲವೆ ಕೂಗಿದರು, ಅರಿಸಿನ ಕುಂಕುಮದ ತಟ್ಟೆಗಳು ಓಡಿದವು. ಹೋರಿ ತಲೆ ಎತ್ತದೆ ತಿನ್ನುತ್ತಿತ್ತು.

"ಇದನ್ನೆಲ್ಲ ಬರೆಯಲೇ?" ಎಂದು ತಮಿಳಿನಲ್ಲೇ ಕೇಳಿದ ಗುಮಾಸ್ತ, ನಕ್ಕು ಒದ್ದೆಯಾದ ಕಣ್ಣೊರೆಸಿಕೊಳ್ಳುತ್ತ.

"ಸಾಮಿ ಆರಿಸ್ತು ಅಂತ ಬರೀರಿ, ಸಾಕು," ಎಂದ ಗುರುಸಾಮಿ.

ತನಗೆ ಬೇಸರವಾಗಬೇಕಿತ್ತಲ್ಲ ಎಂದು ಪಿಚ್ಚೈಯಮ್ಮಾಳ್ ಮನಸ್ಸನ್ನು ತಡಕಿ ನೋಡಿದಳು. ಸಿಗಲಿಲ್ಲ. ಅಂದು ಜ್ವರದಲ್ಲಿ ಮಲಗಿದ್ದ ಮುತ್ತುಲಕ್ಷ್ಮಿ ಈಗ ನಕ್ಕು ನಕ್ಕು ನೆಲಕ್ಕೆ ಕುಸಿದಿದ್ದಳು. ಕೆನ್ನೆ ಕೆಂಪಾಗಿ, ಉಸಿರು ಸಾಲದೆ ಹೊಟ್ಟೆ ಹಿಡಿದುಕೊಂಡು ಕೈ ಚಾಚಿದಳು.

"ಅವ್ವಾ, ಎಬ್ಬಿಸು. ನನ್ನ ಕೈಲಾಗಲ್ಲ."

ಪಿಚ್ಚೈಯಮ್ಮಾಳ್ ಆ ಕೈ ಹಿಡಿದಳು, ಎಬ್ಬಿಸಲಿಲ್ಲ. ತಾನೂ ಮಗಳ ಪಕ್ಕದಲ್ಲಿ ದೂಳಿನಲ್ಲೇ ಕೂತುಬಿಟ್ಟಳು.