ಆಫೀಸಿಗೆ ಹೋಗುವ ದಿನದ ಕೈಗಳು

ಸಭಾಂಗಣದಲ್ಲಿ ಹನ್ನೊಂದು ಮೇಜುಗಳಿದ್ದವು. ಹನ್ನೊಂದಕ್ಕೂ ಬಲೂನು ಕಟ್ಟಿದ್ದರು. ಬುದ್ಧಿಯ ಬೆಳವಣಿಗೆ ನಿಧಾನವಾದವರಿಗೆ ಏನೇನು ನೆರವಿದೆ, ಏನೇನು ಅವಕಾಶವಿದೆ ಎಂದು ಒಂದೇ ಸೂರಿನಡಿ ತಿಳಿಸಿಕೊಡುವ ಮೇಳವಂತೆ. ನನ್ನ ಮಗಳಿಗೆ ಇಪ್ಪತ್ತಮೂರು ವರ್ಷ. ಬಲೂನು ಕಂಡರೆ ಎರಡೂ ಕಿವಿ ಮುಚ್ಚಿಕೊಳ್ಳುತ್ತಾಳೆ, ಎಲ್ಲಿ ಒಡೆದುಬಿಡುತ್ತದೋ ಎಂದು. ಆ ದಿನ ಸಭಾಂಗಣದಲ್ಲಿ ಅರ್ಧಕ್ಕರ್ಧ ಮಂದಿ ಕಿವಿ ಮುಚ್ಚಿಕೊಂಡೇ ಓಡಾಡುತ್ತಿದ್ದರು. ಇವರ ಸೇವೆಗೆಂದೇ ತಲೆ ನರೆಸಿಕೊಂಡ ಅಷ್ಟೂ ಪಂಡಿತರಲ್ಲಿ ಒಬ್ಬರಿಗೂ ಅದು ಕಣ್ಣಿಗೆ ಬಿದ್ದಂತಿರಲಿಲ್ಲ.

ಚಿಕ್ಕಂದಿನಲ್ಲಿ ನಿಂತಲ್ಲೇ ಗಿರಗಿರ ಸುತ್ತುತ್ತಿದ್ದಳು ಅಂತ ಅವಳನ್ನು ಬುಗುರಿ ಎಂದು ಕರೆದು ರೂಢಿ. ಬುಗುರಿಯ ಒಂದು ಮೊಣಕೈ ಹಿಡಿದುಕೊಂಡು ಮೇಜಿನಿಂದ ಮೇಜಿಗೆ ಹೋದೆ. ಕೈಚೀಲ ತುಂಬಿತು. ಮಿರಮಿರ ಮಿಂಚುವ ಬ್ರೋಷರುಗಳು. ಒಂದರಲ್ಲಿ ಕುದುರೆ ಸವಾರಿಯ ಚಿಕಿತ್ಸೆ, ಒಂದರಲ್ಲಿ ಬಣ್ಣ ಬಳಿಯುವ ಚಿಕಿತ್ಸೆ, ಇನ್ನೊಂದರಲ್ಲಿ ಹೆತ್ತವರಿಗಾಗಿ ನಗುವ ಶಿಬಿರ. ಎಲ್ಲದರ ಬೆನ್ನಿನ ಮೇಲೂ "ಸದ್ಯಕ್ಕೆ ಜಾಗ ಭರ್ತಿಯಾಗಿದೆ" ಎಂಬ ಮೊಹರು. ಜಾಗವೇ ಇಲ್ಲದ ಮೇಲೆ ಕುದುರೆಯ ಚಿತ್ರ ಯಾಕೆ ಅಂತ ಕೇಳಿದೆ.

"ಜಾಗೃತಿಗೋಸ್ಕರ," ಅಂದಳು ಮೇಜಿನ ಹಿಂದಿನ ಹುಡುಗಿ.

ಮೂಗಿಗೆ ತುಪ್ಪ ಸವರುವುದಕ್ಕೆ ಇವರ ಭಾಷೆಯಲ್ಲಿ ಜಾಗೃತಿ ಎನ್ನುತ್ತಾರೆಂದು ನನಗೆ ಅವತ್ತಿನವರೆಗೆ ತಿಳಿದಿರಲಿಲ್ಲ.

ವೇದಿಕೆಯ ಮೇಲೆ ಒಬ್ಬ ಗಣ್ಯರು ಎದ್ದು ನಿಂತು, "ಇವರು ದೇವರ ಮಕ್ಕಳು," ಎಂದು ಗದ್ಗದಿತರಾದರು. ಪಕ್ಕದಲ್ಲಿದ್ದ ಅವಳಿಗಳ ಅಮ್ಮ ನನ್ನ ಕಿವಿಯ ಹತ್ತಿರ ಬಗ್ಗಿದಳು. ಅವಳ ಇಬ್ಬರು ಗಂಡುಮಕ್ಕಳೂ ನನ್ನ ಮಗಳಂಥವರೇ. "ಹಂಗಾದ್ರೆ ಅಪ್ಪನ ಮನೆಗೆ ಒಂದು ವಾರ ಕಳ್ಸಿಕೊಡೋಣ ಕಣೇ. ನಾನು ಕಾಲು ಚಾಚಿ ಮಲಗಬೇಕು."

ಬಾಗಿಲ ಬಳಿ ಮೇಜೂ ಇಲ್ಲದೆ, ಬಲೂನೂ ಇಲ್ಲದೆ ಒಬ್ಬಾತ ಬಿಳಿ ಬಟ್ಟೆಯ ಗಂಟಿನ ಮೇಲೆ ಕೂತಿದ್ದ. ದೊಡ್ಡಾಸ್ಪತ್ರೆಯ ಲಾಂಡ್ರಿಯ ಮೇಸ್ತ್ರಿ. ಐವತ್ತು ದಾಟಿದ ವಯಸ್ಸು, ಸೋಪಿನ ನೀರಿಗೆ ಬೆಂದು ಸುಕ್ಕಾದ ಕೈಗಳು. ನನ್ನನ್ನು ಬಿಟ್ಟು ನೇರ ಬುಗುರಿಯನ್ನೇ ಕೇಳಿದ: "ಏನಮ್ಮಾ, ಏನ್ ಕೆಲಸ ಬರುತ್ತೆ ನಿಂಗೆ?"

"ಮಡಚೋಕೆ," ಅಂದಳು.

ಗಂಟಿನಿಂದ ಹಾಸಿಗೆಯ ಒಂದು ಹಾಸು ಎಳೆದುಕೊಟ್ಟ. ಬುಗುರಿ ಕಿವಿಯಿಂದ ಕೈ ತೆಗೆದಳು. ಮಡಚುವುದು ಅವಳ ಹುಟ್ಟುಗುಣ. ಮನೆಯಲ್ಲಿ ಪೇಪರು, ಕರವಸ್ತ್ರ, ಅವರಪ್ಪನ ಬನಿಯನ್, ಯಾವುದನ್ನೂ ಬಿಟ್ಟವಳಲ್ಲ. ಮೂಲೆಗೆ ಮೂಲೆ ಕೂರಿಸಿ, ಅಂಚನ್ನು ಉಗುರಿನಿಂದ ತೀಡಿ, ಒಂದು ಕಡೆ ಕೂದಲೆಳೆಯಷ್ಟು ಜಾರಿದ್ದಕ್ಕೆ ಪೂರ್ತಿ ಬಿಚ್ಚಿ ಮೊದಲಿಂದ ಮಡಚಿದಳು. ಮೇಸ್ತ್ರಿ ಅದನ್ನು ತಿರುಗಿಸಿ ಮುರುಗಿಸಿ ನೋಡಿದ.

"ನಿಧಾನ. ಆದ್ರೆ ತಪ್ಪಿಲ್ಲ. ಸೋಮವಾರದಿಂದ ಬರ್ಲಿ, ಎಂಟರಿಂದ ಎರಡು. ಎಲ್ಲರಿಗೂ ಕೊಡೋ ಸಂಬಳ. ನಾಲ್ಕು ಜನ ಬೇಕಿತ್ತು, ಮೂರಾಯ್ತು. ಒಂದೇ ತೊಡಕು, ಸಹಾಯ ಕೇಂದ್ರದ ಪಟ್ಟೀಲಿ ಹೆಸರಿರೋರನ್ನ ಅವರ ಚೀಟಿ ಇಲ್ದೆ ನಾನು ಒಳಗೆ ಬಿಡೋ ಹಂಗಿಲ್ಲ. ಕೆಲಸ ಮಾಡಬಲ್ಲಳು ಅಂತ ಒಂದು ಸಾಲು. ಶುಕ್ರವಾರ ಸಂಜೆ ಒಳಗೆ ತಂದ್ಬಿಡಿ."

ಹನ್ನೊಂದು ಮೇಜು ಸುತ್ತಿದ ಮೇಲೆ ಸಿಕ್ಕಿದ್ದು ಇದೊಂದೇ ನಿಜವಾದ ಮಾತು.

ಮನೆಗೆ ಬಂದು ಹೇಳಿದಾಗ ನಮ್ಮವರು ಚಪ್ಪಲಿ ಬಿಡುತ್ತಿದ್ದವರು ಹಾಗೇ ನಿಂತರು. "ಕೆಲಸ ಮಾಡಬಲ್ಲಳು ಅಂತ ಆ ಟಿಕ್ಕಮ್ಮ ಬರ್ಕೊಡ್ತಾಳಾ? ಆ ಫೈಲಲ್ಲಿ ನೀನು ಏನೇನ್ ಬರ್ದಿದೀಯ, ಜ್ಞಾಪಕ ಇದ್ಯಾ?"

ಜ್ಞಾಪಕವಿಲ್ಲದೆ ಏನು! ಟಿಕ್ಕಮ್ಮ ಎಂದರೆ ಸಹಾಯ ಕೇಂದ್ರದ ಅಧಿಕಾರಿ. ಕಣ್ಣೆತ್ತದೆ ಟಿಕ್ಕು ಹಾಕುವವಳಾದ್ದರಿಂದ ನಾವಿಟ್ಟ ಹೆಸರು. ಹನ್ನೊಂದು ವರ್ಷದ ಹಿಂದೆ ಅವಳು ಕೊಟ್ಟ ಮೊದಲ ಫಾರಮ್ಮಿನಲ್ಲಿ ಅರವತ್ತು ಪ್ರಶ್ನೆಗಳಿದ್ದವು. ಒಂದೊಂದಕ್ಕೂ ಎರಡು ಚೌಕ: ಆಗುತ್ತದೆ, ಆಗುವುದಿಲ್ಲ. ನಾನು ಪೆದ್ದಿ, ಇದ್ದದ್ದು ಇದ್ದ ಹಾಗೆ ಬರೆದೆ. ಗುಂಡಿ ಹಾಕಿಕೊಳ್ಳುವುದು: ಆಗುತ್ತದೆ, ಆದರೆ ಹತ್ತು ನಿಮಿಷ ಬೇಕು. ಅಂಗಡಿಗೆ ಹೋಗುವುದು: ಆಗುತ್ತದೆ, ಆದರೆ ರಸ್ತೆ ದಾಟುವುದಿಲ್ಲ. ಚೌಕದಲ್ಲಿ 'ಆದರೆ'ಗೆ ಜಾಗವಿರಲಿಲ್ಲ. ಒಂದು ತಿಂಗಳ ಮೇಲೆ ಉತ್ತರ ಬಂತು: "ನಿಮ್ಮ ಮಗಳು ಸ್ವಾವಲಂಬಿ. ಅಭಿನಂದನೆಗಳು." ಅವಳನ್ನು ಕರೆದೊಯ್ದು ತರುವ ವ್ಯಾನಿಲ್ಲ, ಮನೆಗೆ ಸಹಾಯಕಿಯಿಲ್ಲ, ಅಭಿನಂದನೆ ಮಾತ್ರ.

ಆಗ ದಾರಿ ತೋರಿಸಿದವಳು ಅವಳಿಗಳ ಅಮ್ಮ. "ಅಲ್ಲಿ ನಿಜ ಹೇಳೋದಾ? ನಿಂಗೇನ್ ತಲೆ ಕೆಟ್ಟಿದ್ಯಾ? ಆಗುತ್ತೆ ಅಂದ್ರೆ ಕೈ ತೊಳ್ಕೋತಾರೆ. ಎಲ್ಲಾ ಆಗಲ್ಲ ಅಂತ ಎಳಿ ಗೆರೆ."

ಮರುವರ್ಷ ಎಳೆದೆ. ಅರವತ್ತಕ್ಕೆ ಅರವತ್ತೂ ಆಗುವುದಿಲ್ಲ. ವಾರಕ್ಕೆ ಎರಡು ದಿನ ವ್ಯಾನು ಬಂತು, ಮೂರು ಮಧ್ಯಾಹ್ನ ಎರಡೆರಡು ಗಂಟೆ ಮನೆಗೊಬ್ಬ ಸಹಾಯಕಿ ಬಂದಳು. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಆದರೂ ಆ ಆರು ಗಂಟೆಗಳಲ್ಲಿ ನಾನು ಬಾಗಿಲು ಹಾಕಿಕೊಂಡು ಸ್ನಾನ ಮಾಡುತ್ತಿದ್ದೆ, ಒಬ್ಬಳೇ ಬೀದಿಯ ಕೊನೆಯವರೆಗೆ ಕೈ ಬೀಸಿ ನಡೆಯುತ್ತಿದ್ದೆ.

ಗೆರೆ ಎಳೆದರೆ ಮುಗಿಯುತ್ತಿರಲಿಲ್ಲ. ವರ್ಷಕ್ಕೊಮ್ಮೆ ಟಿಕ್ಕಮ್ಮ ಬುಗುರಿಯನ್ನು ಎದುರಿಗೆ ಕೂರಿಸಿಕೊಂಡು ಪರೀಕ್ಷೆ ಮಾಡುತ್ತಿದ್ದಳು. ಪೆನ್ನು ಎತ್ತಿಕೊಡು, ಗುಂಡಿ ಹಾಕಿ ತೋರಿಸು. ಅದಕ್ಕೆ ನಾನು ಹೊರಡುವ ಮುಂಚೆ ಮನೆಯಲ್ಲೇ ಪಾಠ ಮಾಡುತ್ತಿದ್ದೆ: "ಇವತ್ತು ಆಫೀಸು. ಆಫೀಸಲ್ಲಿ ಕೈ ಎಲ್ಲಿರಬೇಕು?" ಬುಗುರಿ ಎರಡೂ ಕೈಗಳನ್ನು ಮಡಿಲಿನಲ್ಲಿ ಒಂದರ ಮೇಲೊಂದು ಇಟ್ಟು ತೋರಿಸುತ್ತಿದ್ದಳು. ಹೊರಗೆ ಬಂದ ಮೇಲೆ ಒಂದು ಮುತ್ತು. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಜನ ಆಡಿಕೊಳ್ಳುತ್ತಾರೆ. ಮುದ್ದಾದ ಮಗಳನ್ನು ಹತ್ತು ವರ್ಷ ಅಚ್ಚುಕಟ್ಟಾಗಿ ಹೆಗ್ಗಣ ಮಾಡಿ ತೋರಿಸಿದ ತಾಯಿಗೆ ಯಾವ ಗಾದೆಯಿದೆಯೋ ಕಾಣೆ.

ಗುರುವಾರ ಬೆಳಿಗ್ಗೆ ಹೋದೆವು. ಕಾಯುವ ಕೋಣೆಯ ಗೋಡೆಯ ತುಂಬ ನಗುವ ಮುಖಗಳ ಚಿತ್ರ, ಕೆಳಗೆ ಕಾಲು ಮುರಿದ ಕುರ್ಚಿ. ಹನ್ನೊಂದೂವರೆಗೆ ಒಳಗೆ ಕರೆದಳು. ನನ್ನ ಮಾತು ಮುಗಿಯುವ ಮುಂಚೆಯೇ ಫೈಲು ಬಿಚ್ಚಿ ನನ್ನ ಕಡೆ ತಿರುಗಿಸಿದಳು.

"ನೋಡೀಮ್ಮಾ, ಇದು ಯಾರ ಸಹಿ?"

"ನಂದೇ ಮೇಡಂ."

"ಬಟ್ಟೆ ಮಡಚುವುದು, ಆಗುವುದಿಲ್ಲ. ಸೂಚನೆ ಪಾಲಿಸುವುದು, ಆಗುವುದಿಲ್ಲ. ಅರ್ಧ ಗಂಟೆ ಒಂದೇ ಕಡೆ ಗಮನ ಕೊಡುವುದು, ಆಗುವುದಿಲ್ಲ. ಹೋದ ವರ್ಷದ್ದೇ ಇದು. ಆರು ತಿಂಗಳಲ್ಲಿ ಎಲ್ಲಾ ಬಂದ್ಬಿಡ್ತಾ?"

"ಮೊದಲಿಂದ್ಲೂ ಬರುತ್ತೆ. ಈಗ್ಲೇ ಬೇಕಾದ್ರೆ ನೋಡಿ."

ಟಿಕ್ಕಮ್ಮ ನಿಟ್ಟುಸಿರು ಬಿಟ್ಟು ಡ್ರಾಯರಿನಿಂದ ಒಂದು ಟವೆಲು ತೆಗೆದು ಮೇಜಿನ ಮೇಲೆ ಹಾಕಿದಳು. ಅವಳೇ ಕೈ ಒರೆಸಿಕೊಳ್ಳುವ ಟವೆಲು, ಅರೆಒದ್ದೆ. "ಮಡಚಮ್ಮಾ."

ಬುಗುರಿ ಟವೆಲನ್ನು ನೋಡಿದಳು. ಅದು ಮುದ್ದೆಯಾಗಿ ಬಿದ್ದಿದ್ದು ಅವಳಿಗೆ ಎಷ್ಟು ಹಿಂಸೆಯೆಂದು ನನಗೆ ಗೊತ್ತು. ಬೆರಳ ತುದಿಗಳು ಕುಣಿಯುತ್ತಿದ್ದವು. ಆದರೂ ಎರಡೂ ಕೈಗಳನ್ನು ಮಡಿಲಿನಲ್ಲಿ ಒಂದರ ಮೇಲೊಂದು ಇಟ್ಟುಕೊಂಡಳು. ಬೆನ್ನು ನೆಟ್ಟಗೆ ಮಾಡಿ ನನ್ನ ಕಡೆ ತಿರುಗಿ ನಕ್ಕಳು. ನೋಡಿದ್ಯಾ, ನಾನು ಮರೆತಿಲ್ಲ ಎನ್ನುವ ನಗು.

"ಬುಗುರಿ, ಇವತ್ತು ಮಾಡಬೋದು. ಅಮ್ಮ ಹೇಳ್ತಿದೀನಲ್ಲ, ಮಡಚು."

"ಆಫೀಸು," ಅಂದಳು, ಮರೆತವಳು ನಾನೇ ಎಂಬಂತೆ.

"ಇವತ್ತು ಪರವಾಗಿಲ್ಲ ಕಂದಾ."

"ಆಫೀಸಲ್ಲಿ ಬರಲ್ಲ."

ಟಿಕ್ಕಮ್ಮ ಪೆನ್ನು ತೆಗೆದು ಟಿಕ್ಕು ಹಾಕಿದಳು. ಯಾವ ಚೌಕಕ್ಕೆ ಎಂದು ಹೇಳಬೇಕಿಲ್ಲ. ಬುಗುರಿಯ ಹಣೆಯ ಮೇಲೆ ಬೆವರು ಕೂತಿತ್ತು. ಅವಳಿಗೆ ನಾನು ಕಲಿಸಿದ ಪಾಠಗಳಲ್ಲಿ ಇಷ್ಟು ಚೊಕ್ಕವಾಗಿ ತಲೆಗೆ ಹತ್ತಿದ್ದು ಇದೊಂದೇ.

"ನಾನೇ ಹೇಳಿಕೊಟ್ಟಿದ್ದು ಮೇಡಂ," ಅಂದೆ. "ಇಲ್ಲಿ ಬಂದಾಗ ಏನೂ ಮಾಡಬೇಡ ಅಂತ. ನೀವು ಆಗಲ್ಲ ಅನ್ನೋರಿಗಷ್ಟೇ ಕೊಡ್ತೀರಿ. ಅದಕ್ಕೆ."

ಅವಳು ಮೊದಲ ಸಲ ಕಣ್ಣೆತ್ತಿದಳು. ಹನ್ನೊಂದು ವರ್ಷದಲ್ಲಿ ಅವಳ ಕಣ್ಣಿನ ಬಣ್ಣ ನೋಡಿದ್ದು ಅವತ್ತೇ. "ಹಾಗಾದ್ರೆ ಇಷ್ಟು ವರ್ಷದ ಫಾರಂ ಸುಳ್ಳಾ? ಇದನ್ನ ನಾನು ಮರುಪರಿಶೀಲನೆಗೆ ಕಳಿಸಬೇಕು. ಅದು ಮುಗಿಯೋಕೆ ಆರೇಳು ತಿಂಗಳು. ಅಲ್ಲೀ ತನಕ ಚೀಟಿ ಇಲ್ಲ."

"ನಾಳೆ ಸಂಜೆ ಕೊನೆ. ನೀವೇ ಒಂದು ಗಳಿಗೆ ಲಾಂಡ್ರಿಗೆ ಬನ್ನಿ. ಎದುರು ಬೀದಿ. ಅಲ್ಲಿ ಮಡಚ್ತಾಳೆ, ನೋಡಿ."

"ಕೇಂದ್ರದ ಹೊರಗೆ ನೋಡಿದ್ದನ್ನ ನಾವು ಪರಿಗಣಿಸೋ ಹಾಗಿಲ್ಲ."

ಮನುಷ್ಯರ ಬಾಯಲ್ಲಿ ಇಂಥ ಮಾತು ಬರುತ್ತದೆ, ಬಂದ ಮೇಲೂ ಅವರು ಮಧ್ಯಾಹ್ನ ನೆಮ್ಮದಿಯಾಗಿ ಉಣ್ಣುತ್ತಾರೆ. ನಾನು ಫೈಲಿನ ಮೇಲೆ ಕೈಯಿಟ್ಟೆ.

"ಚೀಟಿ ಬೇಕಾಗಿರೋದು ನಿಮ್ಮ ಪಟ್ಟೀಲಿರೋರಿಗಷ್ಟೇ ತಾನೇ? ಪಟ್ಟೀಲಿ ಇಲ್ದಿದ್ರೆ?"

"ಇಲ್ದಿದ್ರೆ ನಮಗೆ ಸಂಬಂಧ ಇಲ್ಲ. ಬೀದೀಲಿ ಓಡಾಡೋ ಯಾರೋ ಒಬ್ಬರು."

"ಹಂಗಾದ್ರೆ ತೆಗೆದುಬಿಡಿ ಅವಳನ್ನ."

"ನೀವು ಕೋಪದಲ್ಲಿ ಮಾತಾಡ್ತಿದೀರಿ. ವ್ಯಾನು ಹೋಗುತ್ತೆ, ಸಹಾಯಕಿ ಹೋಗ್ತಾಳೆ. ನಾಳೆ ಲಾಂಡ್ರಿಯವರು ಬೇಡ ಅಂದ್ರೆ ಮತ್ತೆ ಸರದೀಲಿ ನಿಲ್ಲಬೇಕು. ಈಗ ಸರದಿ ನಾಲ್ಕು ವರ್ಷದ್ದಿದೆ."

ಕೋಪವಿತ್ತು, ನಿಜ, ಭಯ ಅದಕ್ಕಿಂತ ದೊಡ್ಡದಿತ್ತು. ನಾಲ್ಕು ವರ್ಷ ಬಾಗಿಲು ತೆರೆದಿಟ್ಟು ಸ್ನಾನ ಮಾಡುವುದು ಎಂದರೇನೆಂದು ನನಗೆ ತಿಳಿದಷ್ಟು ಆ ಕುರ್ಚಿಯಲ್ಲಿ ಕೂತವಳಿಗೆ ತಿಳಿಯದು. ಬುಗುರಿಯ ಕಡೆ ತಿರುಗಿದೆ.

"ಲಾಂಡ್ರಿಗೆ ಹೋಗ್ತೀಯೇನೇ?"

"ಹೋಗ್ತೀನಿ."

"ಹೋದ್ರೆ ಮನೆಗೆ ಅಕ್ಕ ಬರಲ್ಲ. ವ್ಯಾನೂ ಬರಲ್ಲ."

ಸ್ವಲ್ಪ ಯೋಚಿಸಿದಳು. "ಅಕ್ಕಂಗೆ ಮಡಚೋಕೆ ಬರಲ್ಲ," ಅಂದಳು. ಅವಳ ಲೆಕ್ಕದಲ್ಲಿ ಅದಕ್ಕಿಂತ ದೊಡ್ಡ ಅನರ್ಹತೆಯಿಲ್ಲ.

ಪಟ್ಟಿಯಿಂದ ಹೆಸರು ತೆಗೆಯುವ ಫಾರಂ ಒಂದೇ ಪುಟದ್ದು. ಸೇರಿಸಲು ಒಂದೂವರೆ ವರ್ಷ ಹಿಡಿದಿತ್ತು, ತೆಗೆಯಲು ನಾಲ್ಕು ನಿಮಿಷ. ಟಿಕ್ಕಮ್ಮ ಮೊಹರನ್ನು ಊದಿ ಊದಿ ಒತ್ತಿ ಕೊಟ್ಟಳು. ಅಷ್ಟು ಚುರುಕಾಗಿ ಅವಳು ಕೆಲಸ ಮಾಡಿದ್ದನ್ನು ನಾನು ಹಿಂದೆಂದೂ ಕಂಡಿರಲಿಲ್ಲ.

ಅಲ್ಲಿಂದ ನೇರ ಲಾಂಡ್ರಿಗೆ ಹೋಗಿ ಆ ಕಾಗದ ತೋರಿಸಿದೆ. ಮೇಸ್ತ್ರಿ ಎರಡು ಸಲ ಓದಿದ. "ಪಟ್ಟೀಲಿಲ್ಲ ಅಂದ್ಮೇಲೆ ರಿಯಾಯಿತಿನೂ ಇಲ್ಲಮ್ಮ. ಬೇರೆಯೋರ ಹಂಗೇ ನಿಂತು ಮಾಡಬೇಕು. ಒಂದು ವಾರ ನೋಡ್ತೀನಿ, ಆಮೇಲೆ ಹೇಳ್ತೀನಿ."

ಸೋಮವಾರ ಅವಳನ್ನು ಒಳಗೆ ಬಿಟ್ಟು ಬಾಗಿಲಲ್ಲೇ ನಿಂತೆ. ಉದ್ದನೆಯ ಕೋಣೆ, ಹಬೆ, ಗಡಗಡ ಸುತ್ತುವ ಯಂತ್ರಗಳು, ನಾಲ್ಕು ಉದ್ದ ಮೇಜು, ಮೇಜಿಗೆ ಮೂವರು ಹೆಂಗಸರು. ಬುಗುರಿ ಪಕ್ಕದವಳು ಮಡಚಿಟ್ಟ ಹಾಸನ್ನು ಬಿಚ್ಚಿ ಮತ್ತೆ ಮಡಚಿದಳು. ಪಕ್ಕದವಳು ಕೂಗಿದಳು: "ಅಣ್ಣಾ, ಇವಳು ನಂದನ್ನ ಹಾಳು ಮಾಡ್ತಿದಾಳೆ!" ಮೇಸ್ತ್ರಿ ಬಂದು ಗದರಿದ: "ಏಯ್, ನಿನ್ನ ರಾಶಿ ನೀನು ನೋಡ್ಕೋ. ಅವಳದ್ದು ಮುಟ್ಟಿದ್ರೆ ನೋಡು." ಬುಗುರಿಯ ಮುಖ ಕೆಂಪಾಯಿತು. ಅವಳನ್ನು ಅಯ್ಯೋ ಎಂದವರುಂಟು, ಚಿನ್ನ ಎಂದವರುಂಟು; ಕೆಲಸದ ವಿಷಯಕ್ಕೆ ಹೊರಗಿನವರು ಬೈದದ್ದು ಇದೇ ಮೊದಲು. ನಾನು ಒಳಗೆ ಹೆಜ್ಜೆಯಿಟ್ಟೆ. ಮೇಸ್ತ್ರಿ ನನ್ನನ್ನೂ ಬಿಡಲಿಲ್ಲ. "ನೀವಿನ್ನೂ ಇಲ್ಲೇ ಇದೀರಾ? ಇಷ್ಟೂ ಜನರ ಅಮ್ಮಂದಿರು ಬಂದು ನಿಂತ್ರೆ ಹಾಸು ಎಲ್ಲಿಡ್ಲಿ?"

ಆ ವಾರವೆಲ್ಲ ನಾನು ಲೆಕ್ಕ ಹಾಕುತ್ತಲೇ ಇದ್ದೆ. ಬೇರೆಯವರು ದಿನಕ್ಕೆ ನೂರೈವತ್ತು ಹಾಸು ಮಡಚಿದರೆ ಬುಗುರಿ ಅರವತ್ತು ದಾಟುತ್ತಿರಲಿಲ್ಲ. ಬುಧವಾರ ಅರವತ್ತೆರಡು, ಗುರುವಾರ ಐವತ್ತೆಂಟು. ಎರಡು ಗಂಟೆಗೆ ಕರೆದುಕೊಂಡು ಬಂದರೆ ಬಸ್ಸಿನಲ್ಲೇ ನನ್ನ ಹೆಗಲ ಮೇಲೆ ನಿದ್ದೆ. ರಾತ್ರಿ ನಮ್ಮವರು ಅವಳ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದರು.

ಶನಿವಾರ ಬೆಳಿಗ್ಗೆ ಮೇಸ್ತ್ರಿ ನನ್ನನ್ನು ಕರೆದ.

"ವಾರ್ಡಿನ ಹಾಸು ಮಡಚೋಕೆ ಇವಳು ಆಗಲ್ಲಮ್ಮ. ವೇಗ ಸಾಲದು."

ನಾನು ತಲೆಯಾಡಿಸಿದೆ. ಆ 'ಆಗಲ್ಲ'ವನ್ನು ಕೇಳಿ ಕೇಳಿ ನನಗೆ ಅಭ್ಯಾಸವಾಗಿತ್ತು.

"ತಡೀರಿ, ಪೂರ್ತಿ ಕೇಳಿ. ಆಪರೇಷನ್ ಕೋಣೆಗೆ ಹೋಗೋ ಹಸಿರು ಬಟ್ಟೆ ಇದ್ಯಲ್ಲ, ಅದನ್ನ ಬೀಸಣಿಗೆ ಥರ ಮಡಚಬೇಕು, ನರ್ಸ್ ಒಂದು ಮೂಲೆ ಹಿಡಿದ್ರೆ ಎಲ್ಲೂ ತಾಗದೆ ಬಿಚ್ಚಿಕೊಳ್ಳಬೇಕು. ಒಂದು ಮಡಿಕೆ ತಪ್ಪಿದ್ರೂ ವಾಪಸ್ ಬರುತ್ತೆ. ನಮ್ಮೋರು ಮಾಡಿದ್ದು ಹತ್ತರಲ್ಲಿ ಎರಡು ವಾಪಸ್. ನಿನ್ನೆ ಇವಳ ಕೈಲಿ ನಲವತ್ತು ಮಾಡಿಸ್ದೆ. ಒಂದೂ ವಾಪಸ್ ಬರ್ಲಿಲ್ಲ. ಆ ಮೇಜಿಗೆ ಹಾಕಿದೀನಿ, ಕಾಯಂ. ಅಳಬೇಡಿ, ನಂಗೆ ಅಳೋರನ್ನ ಕಂಡ್ರೆ ಆಗಲ್ಲ."

ಅರವತ್ತು ಪ್ರಶ್ನೆಗಳ ಫಾರಮ್ಮಿನಲ್ಲಿ, ಬಿಚ್ಚಿದರೆ ಎಲ್ಲೂ ತಾಗದ ಹಾಗೆ ಮಡಚಬಲ್ಲಳೇ ಎಂಬ ಪ್ರಶ್ನೆ ಇರಲಿಲ್ಲ. ಇದ್ದಿದ್ದರೂ ಆಗುವುದಿಲ್ಲ ಎಂದೇ ನಾನು ಗೆರೆ ಎಳೆದಿರುತ್ತಿದ್ದೆ.

ಅವತ್ತು ಎರಡು ಗಂಟೆಗೆ ಗೇಟಿನ ಹೊರಗೆ ನಿಂತಿದ್ದೆ. ಹೆಂಗಸರು ಗುಂಪಾಗಿ ಬಂದರು, ನಡುವೆ ಬುಗುರಿ, ಅವರ ಹಾಗೆಯೇ ಬಟ್ಟೆಯ ತೋಳು ಮೇಲೆ ಮಡಚಿಕೊಂಡು. ಸೋಮವಾರ ದೂರು ಹೇಳಿದ್ದ ಪಕ್ಕದವಳು ನನ್ನತ್ತ ಗಲ್ಲ ಎತ್ತಿ ಕೇಳಿದಳು: "ಯಾರೇ ಅದು, ದಿನಾ ಬಂದು ನಿಲ್ತಾರಲ್ಲ?"

ಬುಗುರಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ನಮ್ಮಮ್ಮ," ಅಂದಳು. "ಅವಳಿಗೆ ಕೆಲಸ ಇಲ್ಲ."