ಗಾಜು ತಟ್ಟದವನು

ಮನಸ್ಸಿನೊಳಗೆ ಬಯ್ಯುವುದರಲ್ಲಿ ನನ್ನನ್ನು ಮೀರಿಸುವವರು ಬ್ಯಾಂಕಾಕಿನಲ್ಲಿ ಯಾರೂ ಇಲ್ಲ. ಬಾಯಿ ಬಿಟ್ಟು ಬಯ್ಯೋ ಅಂದರೆ ಮಾತ್ರ ನಾಲಿಗೆ ಬಿದ್ದುಹೋಗುತ್ತದೆ. ಹತ್ತೊಂಬತ್ತು ವರ್ಷದಿಂದ ಟ್ಯಾಕ್ಸಿ ಓಡಿಸುತ್ತಿದ್ದೇನೆ, ಒಬ್ಬ ಗಿರಾಕಿಗೂ ಎದುರಾಡಿದವನಲ್ಲ. ಮೂರು ವರ್ಷದ ಹಿಂದೆ ಪೆಟ್ರೋಲ್ ಗಾಡಿ ಮಾರಿ ಕರೆಂಟಿನ ಕಾರು ತಂದೆ. ಊರೊಳಗೆ ಎಲ್ಲಿ ಚಾರ್ಜರ್ ಇದೆ, ಯಾವುದು ಕೆಟ್ಟಿದೆ, ಎಲ್ಲ ನನಗೆ ಬಾಯಿಪಾಠ. ಆದರೆ ಅದನ್ನು ಊರು ಬಿಟ್ಟು ದೂರ ಓಡಿಸಿರಲಿಲ್ಲ. ಹೋಗುವುದಾದರೂ ಯಾರ ಮನೆಗೆ?

ಜುಲೈ ತಿಂಗಳಲ್ಲಿ ಟೊಯ್ ಫೋನ್ ಮಾಡಿದ. ನನಗಿರುವ ಒಬ್ಬನೇ ಮಗ.

"ಅಪ್ಪಾ, ಈ ಮಳೆಗಾಲ ಮೂರು ತಿಂಗಳು ಭಿಕ್ಷು ಆಗ್ತಾ ಇದೀನಿ. ಶನಿವಾರ ಮಧ್ಯಾಹ್ನ ಮೂರಕ್ಕೆ ತಲೆ ಬೋಳಿಸ್ತಾರೆ. ಮೊದಲನೇ ಎಳೆ ನೀನೇ ಕತ್ತರಿಸ್ಬೇಕು."

"ಸವಾತ್ ಇದಾರಲ್ಲೋ" ಅಂದೆ. ಹಿಂದೆ ನನ್ನ ಹೆಂಡತಿಯಾಗಿದ್ದ ಲಮಯ್‌ಳ ಈಗಿನ ಗಂಡ ಸವಾತ್. ಟೊಯ್‌ನನ್ನು ಎಂಟನೇ ವಯಸ್ಸಿನಿಂದ ಸಾಕಿದವನು ಅವನೇ. ಲಮಯ್ ಮಗುವನ್ನು ಕರೆದುಕೊಂಡು ಹೊರಟ ದಿನ ನಾನು ಅವಳ ಪೆಟ್ಟಿಗೆ ಬಸ್ಸಿಗೆ ಹತ್ತಿಸಿಕೊಟ್ಟಿದ್ದೆ.

"ಅವರಿದಾರೆ. ಆದ್ರೆ ಅಪ್ಪ ನೀನಲ್ವಾ?"

ಆ ಮಾತು ಕೇಳಿ ಎರಡು ದಿನ ನಿದ್ದೆ ಬರಲಿಲ್ಲ. ನಮ್ಮಲ್ಲಿ ಹುಡುಗರು ಹೀಗೆ ಒಂದು ಮಳೆಗಾಲ ಭಿಕ್ಷುಗಳಾಗುವುದುಂಟು; ಆಗ ಕೂದಲಿನ ಮೊದಲ ಎಳೆ ಕತ್ತರಿಸಿ ತಾವರೆ ಎಲೆಗೆ ಹಾಕುವುದು ಹೆತ್ತವರ ಹಕ್ಕು. ಆ ಹಕ್ಕು ನನಗೆ ಇನ್ನೂ ಉಳಿದಿದೆ ಎಂದು ನಾನು ಅಂದುಕೊಂಡೇ ಇರಲಿಲ್ಲ.

ಶನಿವಾರ ಬೆಳಗ್ಗೆ ಐದಕ್ಕೆ ಹೊರಟೆ. ಉದೋನ್ ಪಟ್ಟಣ ದಾಟಿ ಲಮಯ್ ಇರುವ ಫೆನ್ ತಲುಪಲು ಆರುನೂರು ಕಿಲೋಮೀಟರ್. ಹಬ್ಬದ ರಜೆ, ಅರ್ಧ ಬ್ಯಾಂಕಾಕ್ ಅದೇ ರಸ್ತೆಗೆ ಬಿದ್ದಿತ್ತು. ಕೋರಾಟ್ ಹತ್ತಿರ ಚಾರ್ಜರ್ ಖಾಲಿ ಇದೆ ಎಂದು ಫೋನು ಹಸಿರು ತೋರಿಸಿತು. ಹೋಗಿ ನೋಡಿದರೆ ಮೂರು ಯಂತ್ರಕ್ಕೂ ಹಳದಿ ಪಟ್ಟಿ ಸುತ್ತಿದ್ದಾರೆ! ಹಸಿರು ತೋರಿಸಿದವನ ವಂಶವನ್ನೆಲ್ಲ ಮನಸ್ಸಿನಲ್ಲೇ ಜಾಲಾಡಿ, ಎ.ಸಿ. ಆರಿಸಿ, ಬೆವರು ಒರೆಸಿಕೊಳ್ಳುತ್ತಾ ನಿಧಾನಕ್ಕೆ ಮುಂದಿನ ಸಣ್ಣ ಪೇಟೆಯವರೆಗೆ ಬಂದೆ. ಗಂಟೆ ಹನ್ನೊಂದು, ಬ್ಯಾಟರಿ ಶೇಕಡಾ ಒಂಬತ್ತು. ಅರ್ಧ ಗಂಟೆ ಚಾರ್ಜು ಮಾಡಿದರೆ ಮೂರಕ್ಕೆ ಸರಿಯಾಗಿ ತಲುಪಬಹುದಿತ್ತು.

ಅಲ್ಲಿ ಎರಡು ಯಂತ್ರ. ಒಂದಕ್ಕೆ ನನ್ನ ಕಾರಿನ ಗುರುತೇ ಹತ್ತಲಿಲ್ಲ. ಸಹಾಯವಾಣಿಗೆ ಫೋನ್ ಮಾಡಿದರೆ, ಸರದಿಯಲ್ಲಿ ನೀವು ಹದಿನಾಲ್ಕನೆಯವರು ಅಂದಿತು. ಇನ್ನೊಂದರ ವೈರನ್ನು ಒಂದು ಬಿಳಿ ಕಾರಿಗೆ ಚುಚ್ಚಿತ್ತು. ಪರದೆಯಲ್ಲಿ ಚಾರ್ಜು ನೂರಕ್ಕೆ ನೂರು. ಒಳಗೆ ಒಬ್ಬ ದಪ್ಪ ಆಸಾಮಿ ಸೀಟು ಹಿಂದಕ್ಕೆ ಒರಗಿಸಿ, ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದ. ಅವನು ಕಾರಿನ ಬೀಗ ತೆಗೆಯದೆ ಆ ವೈರು ಕಳಚುವಂತಿಲ್ಲ. ಮುಂದಿನ ಚಾರ್ಜರ್ ನಲವತ್ತು ಕಿಲೋಮೀಟರ್ ಆಚೆ, ಅಲ್ಲಿ ಆಗಲೇ ಎಂಟು ಕಾರಿನ ಸಾಲು.

ನಾನು ಕೆಮ್ಮಿದೆ. ನನ್ನ ಕಾರಿನ ಬಾಗಿಲು ತೆಗೆದು ಧಡ್ ಎಂದು ಹಾಕಿದೆ. ಅವನ ಕಾರಿನ ಸುತ್ತ ಎರಡು ಸುತ್ತು ಬಂದೆ. ಗೊರಕೆ ನಿಲ್ಲಲಿಲ್ಲ.

ಪಕ್ಕದ ಕಾಫಿ ಗೂಡಂಗಡಿಯ ಹೆಂಗಸು ನೋಡಿ ನೋಡಿ ಬೇಸತ್ತಳು. "ಅದೇನು ಪ್ರದಕ್ಷಿಣೆ ಹಾಕ್ತೀಯಣ್ಣ? ಗಾಜು ತಟ್ಟಿ ಎಬ್ಬಿಸು!"

"ಪಾಪ, ಎಷ್ಟು ದೂರದಿಂದ ಬಂದಿದಾನೋ."

"ನೀನೇನು ಪಕ್ಕದ ಬೀದಿಯಿಂದ ಬಂದಿದೀಯಾ? ಸರಿ ಬಿಡು, ನಾನೇ ಎಬ್ಬಿಸ್ತೀನಿ."

"ಬೇಡ ಬೇಡ ಅಕ್ಕಾ, ಈಗ ಏಳ್ತಾನೆ!" ಎಂದು ಅವಳ ಕೈ ಹಿಡಿಯುವುದೊಂದು ಬಾಕಿ. ನಮ್ಮವರ ರಕ್ತದಲ್ಲೇ ಇದೆ ಈ ಹಾಳು ದಾಕ್ಷಿಣ್ಯ. ಆದರೆ ನನ್ನಷ್ಟು ಯಾರಿಗೂ ಇಲ್ಲ.

ಒಂದು ಗಂಟೆ ಇಪ್ಪತ್ತು ನಿಮಿಷ ನಿಂತೆ. ಟೊಯ್‌ಗೆ 'ತಡವಾಗುತ್ತೆ, ಕಾಯಿರಿ' ಎಂದು ಬರೆದೆ. ಅಲ್ಲಿ ಮನೆ ತುಂಬ ಹಿರಿಯರು, ಮಠದಿಂದ ಸ್ವಾಮಿಗಳು, ಅಡುಗೆಯವರು. ಇಷ್ಟು ಜನ ನನಗೋಸ್ಕರ ಕಾಯಬೇಕೇ, ನಾನು ಅಂಥ ದೊಡ್ಡ ಮನುಷ್ಯನೇ ಅನ್ನಿಸಿತು. ಬರೆದದ್ದನ್ನು ಕಳಿಸದೆ ಅಳಿಸಿದೆ.

ಕೊನೆಗೆ ಆಸಾಮಿ ತಾನಾಗಿಯೇ ಎದ್ದ. ನನ್ನನ್ನು ಕಂಡು ಗಾಬರಿಯಾಗಿ ಇಳಿದ. "ಅಯ್ಯಯ್ಯೋ, ಎಷ್ಟು ಹೊತ್ತಾಯ್ತಣ್ಣ ಬಂದು? ಎಬ್ಬಿಸಬಾರದಿತ್ತಾ?"

"ಈಗ ತಾನೇ ಬಂದೆ" ಅಂದೆ.

"ಥೂ ನಿನ್ನ!" ಎಂದಳು ಕಾಫಿಯವಳು.

ಫೆನ್ ತಲುಪಿದಾಗ ನಾಲ್ಕೂಕಾಲು. ಲಮಯ್‌ಳ ಮನೆಯ ಅಂಗಳದಲ್ಲಿ ಶಾಮಿಯಾನ, ಧ್ವನಿವರ್ಧಕದಲ್ಲಿ ಹಾಡು, ಜನ ಮೇಜು ಸುತ್ತಿ ಕೂತು ಊಟ ಮಾಡುತ್ತಿದ್ದರು. ಟೊಯ್ ಬಿಳಿ ಬಟ್ಟೆಯಲ್ಲಿ ಗೇಟಿನವರೆಗೆ ಓಡಿಬಂದ. ತಲೆ ನುಣ್ಣಗಿತ್ತು. ಹುಬ್ಬನ್ನೂ ಬೋಳಿಸಿದ್ದರು. ನನ್ನ ಮಗನ ಮುಖ ನನಗೆ ಒಂದು ಕ್ಷಣ ಗುರುತು ಸಿಗಲಿಲ್ಲ.

"ಚಾರ್ಜಿಂಗು ಕಣೋ. ಒಬ್ಬ ಮಲಗಿಬಿಟ್ಟಿದ್ದ" ಅಂದೆ. ನನ್ನ ಮಾತಿಗೆ ನನಗೇ ನಾಚಿಕೆಯಾಯಿತು.

"ಒಂದು ಫೋನ್ ಮಾಡ್ಬಾರ್ದಿತ್ತಾ ಅಪ್ಪಾ? ಐದು ಗಂಟೆವರೆಗೂ ಕಾಯ್ತೀನಿ ಅಂದ್ರು ಸ್ವಾಮಿಗಳು. ಸವಾತ್ ಮಾವನಂತೂ ಕತ್ತರಿ ಮುಟ್ಟೋದೇ ಇಲ್ಲ, ಇವನಪ್ಪ ಬರಲಿ ಅಂತ ಮೂರೂವರೆವರೆಗೂ ಹಟ ಹಿಡಿದ್ರು. ಶುರು ಮಾಡಿ ಅಂದಿದ್ದು ನಾನೇ."

"ನೀನೇ? ಮತ್ತೆ ನೀನಾದ್ರೂ ಒಂದು ಫೋನ್ ಮಾಡಿದ್ರೆ..."

ಅವನು ತಲೆ ತಗ್ಗಿಸಿದ. "ಫೋನು ಕೈಯಲ್ಲೇ ಹಿಡ್ಕೊಂಡು ಕೂತಿದ್ದೆ. ನಿಂಗೆ ಬರೋಕೆ ಇಷ್ಟ ಇಲ್ವೇನೋ, ಆಗಲ್ಲ ಅನ್ನೋಕಾಗ್ದೆ ಹೂಂ ಅಂದಿರ್ತೀಯೇನೋ ಅಂದ್ಕೊಂಡೆ. ಕೇಳಿ ನಿನ್ನನ್ನ ಮುಜುಗರಕ್ಕೆ ಸಿಗಿಸೋದು ಬೇಡ ಅಂತ ಸುಮ್ನಾದೆ."

ಮೂಗು ಲಮಯ್‌ದು, ಮಾತಿನ ಧಾಟಿ ಸವಾತ್‌ನದು, ನನ್ನದು ಅನ್ನುವುದು ಇವನಲ್ಲಿ ಏನೂ ಉಳಿದಿಲ್ಲ ಎಂದು ಎಷ್ಟೋ ಸಲ ಬಾಡಿಗೆ ಕೋಣೆಯಲ್ಲಿ ಒಬ್ಬನೇ ಕೂತು ಅತ್ತಿದ್ದೇನೆ. ಈ ಹಾಳು ದಾಕ್ಷಿಣ್ಯ ಉಳಿದಿತ್ತು. ನಿನಗೋಸ್ಕರವೇ ಬಂದೆ ಕಣೋ, ಈ ಹದಿನೈದು ವರ್ಷದಲ್ಲಿ ನನ್ನನ್ನು ಯಾರೂ ಹೀಗೆ ಕರೆದಿರಲಿಲ್ಲ ಎಂದು ಹೇಳಬೇಕು ಅನ್ನಿಸಿತು.

ಅಷ್ಟರಲ್ಲಿ ಶಾಮಿಯಾನದೊಳಗಿಂದ ಯಾರೋ ಅವನ ಹೆಸರು ಕೂಗಿದರು.

"ಹೋಗಪ್ಪಾ, ಕರೀತಿದಾರೆ" ಅಂದೆ.

ನಾನು ಇರು ಅನ್ನುತ್ತೇನೋ ಎಂದು ಅವನು ಒಂದು ಕ್ಷಣ ನಿಂತ. ಒಳಗೆ ಬಾ ಅನ್ನುತ್ತಾನೋ ಎಂದು ನಾನೂ ನಿಂತೆ. ಆಮೇಲೆ ಅವನು ಒಳಗೆ ಹೋದ.