ಎದೆ ಸುತ್ತಳತೆ

ಸುಬ್ರಹ್ಮಣ್ಯಪುರದ ಆ ಶೆಡ್ಡಿಗೆ ಕಾಲಿಟ್ಟ ಕೂಡಲೇ ಯಲ್ಲಪ್ಪ ಮೂಗು ಮುಚ್ಚಿಕೊಂಡ. ಕುರಿಯ ವಾಸನೆಯಾಗಿದ್ದರೆ ಹಿತವೇ ಅನಿಸುತ್ತಿತ್ತು, ಅವನು ಹುಟ್ಟಿದ್ದೇ ಕುರಿಹಟ್ಟಿಯಲ್ಲಿ. ಇಲ್ಲಿ ಮೂಗಿಗೆ ಹೊಡೆದದ್ದು ಶಾಂಪೂ.

ದೂರದ ಬೆಟ್ಟದ ಸೀಮೆಯಿಂದ ಲಾರಿಯಲ್ಲಿ ಬಂದ ಟಗರು ರಬ್ಬರ್ ಚಾಪೆಯ ಮೇಲೆ ನಿಂತಿತ್ತು. ಮಾಲೀಕ ಪ್ರಮೋದ್ ಹೇರ್ ಡ್ರೈಯರ್ ಹಿಡಿದು ಅದರ ಉಣ್ಣೆ ಉಬ್ಬಿಸುತ್ತಿದ್ದ.

ಇಂಥ ಟಗರುಗಳನ್ನು ಅಳೆದು, ತಳಿಗೆ ಯೋಗ್ಯವೆಂದು ಚೀಟಿ ಕೊಡುವವರು ಪಶುವೈದ್ಯ ಡಾಕ್ಟರ್ ಸಿದ್ದಲಿಂಗಯ್ಯ. ವಯಸ್ಸಾಗಿ ಬೆನ್ನು ಬಗ್ಗದು. ಸಹಾಯಕ ಯಲ್ಲಪ್ಪ ಟೇಪು ಹಿಡಿದು ಕೂಗಿದ್ದನ್ನೇ ಬರೆದುಕೊಳ್ಳುತ್ತಾರೆ, ಮರುಪ್ರಶ್ನೆಯಿಲ್ಲ. ಎದೆಯ ಸುತ್ತಳತೆ ಎಂಬತ್ತೈದು ಸೆಂಟಿಮೀಟರ್ ಮುಟ್ಟಿದರೆ ಚೀಟಿ. ಆ ಚೀಟಿ ನಂಬಿ ಎಷ್ಟೋ ಕುರಿಗಾರರು ತಮ್ಮ ಹಿಂಡಿಗೆ ಈ ಟಗರನ್ನು ಮರಿಗಾಗಿ ಬಿಟ್ಟುಕೊಳ್ಳುತ್ತಾರೆ. ಇದರದು ಸಣ್ಣ ಎದೆಯಾದರೆ ಹುಟ್ಟುವ ಮರಿಗಳದೂ ಸಣ್ಣ ಎದೆಯೇ.

ಡಾಕ್ಟರು ಇನ್ನೂ ಹೊರಗೆ ಕಾಫಿ ಕುಡಿಯುತ್ತಿದ್ದರು. ಯಲ್ಲಪ್ಪ ಸೊಂಟದ ಚೀಲದಿಂದ ಕುರಿಗಾರರ ದೇವರು ಬೀರಪ್ಪನ ಅರಿಶಿನ ಭಂಡಾರ ಚಿಟಿಕೆಯಷ್ಟು ತೆಗೆದು ಟಗರಿನ ಹಣೆಗಿಟ್ಟ. ಎಡಪಕ್ಕೆಗೆ ಕೈಯಿಟ್ಟರೆ ಬಿಗಿದ ತಮಟೆ. ತುಟಿಯಂಚಿನಲ್ಲಿ ಉಪ್ಪು ಬೆಳ್ಳಗೆ ಒಣಗಿತ್ತು. ಟಗರು ನೋವಿಗೆ ಕಟಕಟನೆ ಹಲ್ಲು ಕಡಿಯುತ್ತಿತ್ತು.

“ಏನ್ ಕುಡಿಸೀರಿ ಇದಕ್ಕ?”

“ನಾನೆಲ್ಲಿ ಕುಡಿಸ್ದೆ? ಉಪ್ಪು ನೆಕ್ಕಿಸ್ದೆ, ಅದೇ ಒಂದು ಬಕೆಟ್ ಎತ್ತಿಬಿಡ್ತು. ದಪ್ಪ ಬರ್ಬೇಕಲ್ಲ ಗುರು.”

“ಅಳಿಯೂದು ಎದಿ ರೀ. ನೀವು ಉಬ್ಬಿಸಿದ್ದು ಹೊಟ್ಟಿ.”

ಪ್ರಮೋದ್ ಒಂದು ಗಳಿಗೆ ಪೆಚ್ಚಾದ. ಆಮೇಲೆ ನಕ್ಕ. “ಹೋಗ್ಲಿ ಬಿಡು, ಡ್ರೈಯರ್ ಹೊಡ್ದಿದೀನಲ್ಲ. ಟೇಪು ಉಣ್ಣೆ ಮೇಲೇ ಸಡ್ಲ ಬಿಡು ಮಗಾ. ನಿನ್ನ ದೇವ್ರೇನು ಬಂದು ಅಳೀತಾನಾ?”

“ನಮ್ಮ ಬೀರಪ್ಪ ಕುರಿ ಕಾದಾಂವ ರೀ. ಅವಗ ಅಳಿಯೂದ ಬೇಕಾಗಿಲ್ಲ.”

ಡಾಕ್ಟರು ಪೆನ್ನು ತೆಗೆಯುತ್ತ ಒಳಬಂದರು. ಯಲ್ಲಪ್ಪ ಮುಂಗಾಲಿನ ಹಿಂದೆ ಬೈತಲೆ ತೆಗೆದಂತೆ ಉಣ್ಣೆ ಬಿಡಿಸಿದ. ಚರ್ಮ ಕಂಡ ಮೇಲೆ ಟೇಪು ಸುತ್ತಿ ಬಿಗಿದ.

“ಎಪ್ಪತ್ತೊಂಬತ್ತು.”

“ಸಾರ್, ಇವ್ನು ಸರಿಯಾಗಿ ಹಿಡಿದಿಲ್ಲ,” ಎಂದ ಪ್ರಮೋದ್.

ಸಿದ್ದಲಿಂಗಯ್ಯನವರು ಆಗಲೇ ಬರೆದಾಗಿತ್ತು. “ಅದ್ಯಾಕ್ರೀ ಪ್ರಮೋದ್, ಹಲ್ಲು ಕಡೀತಿದೆ?”

ಉತ್ತರ ಬರುವ ಮೊದಲೇ ಟಗರು ನಿಂತಲ್ಲೇ ಉಚ್ಚೆ ಹೊಯ್ಯತೊಡಗಿತು. ಅದು ನಿಲ್ಲುವಂತೆಯೇ ಕಾಣಲಿಲ್ಲ. ಪ್ರಮೋದ್ ತನ್ನ ಬಿಳಿ ಶೂ ಉಳಿಸಿಕೊಳ್ಳಲು ಹಿಂದಕ್ಕೆ ಜಿಗಿದ. ಟಗರಿನ ಕಡೆ ತಿರುಗಿಯೂ ನೋಡಲಿಲ್ಲ.

ಅದನ್ನು ಕಂಡು ಯಲ್ಲಪ್ಪ ಪಕ್ಕಕ್ಕೆ ತಿರುಗಿ ಉಗಿದ. ಹಗ್ಗ ಬಿಚ್ಚಿ ಟಗರನ್ನು ಬೇವಿನ ನೆರಳಿಗೆ ನಡೆಸಿದ. ಹಲ್ಲು ಕಡಿಯುವುದು ನಿಲ್ಲುವವರೆಗೂ ಪಕ್ಕೆ ನೀವುತ್ತ, ಬೀರಪ್ಪನ ಹೆಸರು ಹೇಳುತ್ತ ಕೂತ.

ಮಧ್ಯಾಹ್ನ ಬಿಟಿಎಂ ಲೇಔಟಿನ ಬಾಡಿಗೆ ಕೋಣೆಯಲ್ಲಿ, ಆ ಶಾಂಪೂ ವಾಸನೆ ಹೋಗಲೆಂದು ಮೂರು ಸಲ ಸೋಪು ಹಚ್ಚಿ ಕೈ ತೊಳೆದ. ಹೆಂಡತಿ ಶರಣಮ್ಮ ರೊಟ್ಟಿ ಬಡಿಸುತ್ತ ಮೂಗರಳಿಸಿದಳು.

“ಏನ್ ಹಚ್ಕೊಂಡು ಬಂದೀರಿ? ಮದುಮಗನಂಗ ಘಮ್ ಅನ್ನಾಕತ್ತೀರಿ.”

ಯಲ್ಲಪ್ಪ ತುತ್ತು ಮುರಿದವನು ಹಾಗೇ ತಟ್ಟೆಯಲ್ಲಿಟ್ಟ.

“ಹೊಲಸು,” ಎಂದು ಮತ್ತೆ ನಲ್ಲಿಯ ಕಡೆ ಎದ್ದ.